ಗುಲ್ನೋರಾಳ ಎಡಮಂಡಿ

ನಮ್ಮ ಕನ್ನಡ ಬಳಗದ ಇಬ್ಬರು ಹುಡುಗಿಯರು ಈ ವರ್ಷ ಫಿಸಿಯೋಥೆರಪಿ ಓದಲು ಸೇರಿದ್ದಾರೆ. ಯುಗಾದಿ ಊಟದ ದಿನ ತಟ್ಟೆ ಹಿಡಿದುಕೊಂಡೇ ಬಂದು ನನ್ನ ಪಕ್ಕ ಕೂತರು. "ಸುನಂದಾ ಆಂಟಿ, ಕೆಲಸ ನಿಜವಾಗ್ಲೂ ಹೆಂಗಿರತ್ತೆ? ಟೆಲ್ ಅಸ್ ದಿ ರಿಯಲ್ ಥಿಂಗ್," ಎಂದು ಒಬ್ಬಳು ಕೇಳಿದಳು. ಹೋಳಿಗೆ ಕೈಯಲ್ಲಿತ್ತು, ಸುತ್ತ ಗದ್ದಲವಿತ್ತು. "ಎರಡು ವರ್ಷದಾಗ ಹೆಬ್ಬೆರಳು ನೋಯಲಿಕ್ಕೆ ಶುರುವಾಗ್ತದ, ಆಮ್ಯಾಲೆ ರೂಢಿ ಆಗ್ತದ," ಎಂದು ಏನೋ ಹೇಳಿ ನಗಿಸಿ ಕಳಿಸಿದೆ. ಮನೆಗೆ ಬಂದ ಮೇಲೆ ಆ ಉತ್ತರ ಮನಸ್ಸನ್ನು ಕೊರೆಯತೊಡಗಿತು. ಕೇಳಿದ್ದು ಒಳ್ಳೆಯ ಪ್ರಶ್ನೆ, ನಾನು ಕೊಟ್ಟದ್ದು ಊಟದ ಪಂಕ್ತಿಯ ಉತ್ತರ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಆ ಹುಡುಗಿಯರಿಗೆ ಕನ್ನಡ ಓದಲು ಬರುವುದಿಲ್ಲ. ಅವರ ತಾಯಂದಿರು ಓದಿ ಹೇಳಲಿ.

ನಾನು ಯಾವಾಗ ಸೀನಿಯರ್ ಆದೆ, ಯಾವಾಗ ಕ್ಲಿನಿಕ್ಕಿನ ಉಸ್ತುವಾರಿ ನನ್ನ ಕೈಗೆ ಬಂತು ಎಂಬುದರಲ್ಲಿ ಯಾರಿಗೂ ಉಪಯೋಗವಿಲ್ಲ. ಉಪಯೋಗವಿದ್ದರೆ ನನ್ನ ಕೈಗೆ ಬಂದ ಕಾಲು, ಭುಜ, ಬೆನ್ನುಗಳ ಕಥೆಯಲ್ಲಿ ಇರಬಹುದು.

ತೊಂಬತ್ತರ ದಶಕದ ಆರಂಭದಲ್ಲಿ ನಾನು ಧಾರವಾಡದಿಂದ ಇಲ್ಲಿಗೆ, ಈ ಹಿಮದ ದೇಶಕ್ಕೆ ಬಂದೆ. ನಮ್ಮ ಮನೆಯವರಿಗೆ, ಶ್ರೀಪಾದರಿಗೆ, ಪಿಕರಿಂಗಿನ ಅಣುವಿದ್ಯುತ್ ಸ್ಥಾವರದಲ್ಲಿ ಕೆಲಸ. ಅಲ್ಲಿಯೇ ಮನೆ. ನನಗೆ ಕೆಲಸ ಸಿಕ್ಕಿದ್ದು ಮಾತ್ರ ಊರಿನ ಇನ್ನೊಂದು ತುದಿಯ ರೆಕ್ಸ್‌ಡೇಲಿನಲ್ಲಿ. ರೈಲು, ಸಬ್‌ವೇ, ಬಸ್ಸು ಎಂದು ಮೂರು ಕಡೆ ಹತ್ತಿಳಿದು ಹೋಗಬೇಕು. ಅದೂ ಫಿಸಿಯೋಥೆರಪಿಸ್ಟ್ ಆಗಿ ಅಲ್ಲ. ಭಾರತದಲ್ಲಿ ಐದು ವರ್ಷ ಕೆಲಸ ಮಾಡಿದ್ದರೂ ಇಲ್ಲಿಯ ಲೈಸೆನ್ಸ್ ಪರೀಕ್ಷೆ ಮುಗಿಯುವವರೆಗೆ ನಾನು ಸಹಾಯಕಿ. ಬಿಸಿ ಪ್ಯಾಕುಗಳನ್ನು ಕುದಿಯುವ ತೊಟ್ಟಿಯಿಂದ ಇಕ್ಕಳದಲ್ಲಿ ಎತ್ತಿ ಟವೆಲಿನಲ್ಲಿ ಸುತ್ತುವುದು, ಮಂಚಗಳ ಹಾಳೆ ಬದಲಿಸುವುದು, ಕರೆಂಟಿನ ಮಷೀನಿನ ಪ್ಯಾಡುಗಳನ್ನು ಅಂಟಿಸುವುದು, ಇಷ್ಟೇ.

ಕ್ಲಿನಿಕ್ಕು ಒಂದು ಹಳೆಯ ಪ್ಲಾಜಾದಲ್ಲಿತ್ತು. ಒಂದು ಬದಿಗೆ ರೋಟಿ ಅಂಗಡಿ, ಇನ್ನೊಂದು ಬದಿಗೆ ಬಟ್ಟೆ ಒಗೆಯುವ ಅಂಗಡಿ. ಹೀಗಾಗಿ ನಮ್ಮಲ್ಲಿ ಬಂದವರ ಮೂಗಿಗೆ ಮೊದಲು ಜೀರಿಗೆ, ಆಮೇಲೆ ಸಾಬೂನು, ಕಡೆಗೆ ನೋವಿನ ಮುಲಾಮು ಬಡಿಯುತ್ತಿತ್ತು. ನಡೆಸುತ್ತಿದ್ದವರು ಮಾರ್ಗರೆಟ್ ಎಂಬ ಎತ್ತರದ ಹೆಂಗಸು. ಸ್ಕಾಟ್ಲೆಂಡಿನಲ್ಲಿ ಹುಟ್ಟಿದವರು, ಮಾತು ಕಮ್ಮಿ, ಗಡಿಯಾರದ ಮೇಲೆ ಸದಾ ಕಣ್ಣು. ಆ ಕಾಲದ ಪದ್ಧತಿಯೂ ಗಡಿಯಾರದ್ದೇ ಆಗಿತ್ತು. ಬೆನ್ನಾಗಲಿ ಭುಜವಾಗಲಿ, ಮೊದಲು ಬಿಸಿ, ಆಮೇಲೆ ಅಲ್ಟ್ರಾಸೌಂಡು, ಆಮೇಲೆ ಕರೆಂಟು. ಪೇಶಂಟು ಮಲಗಿರುತ್ತಾನೆ, ಮಷೀನು ದುಡಿಯುತ್ತದೆ, ನಾವು ಪರದೆ ಸರಿಸಿ ಪಕ್ಕದ ಮಂಚಕ್ಕೆ ಹೋಗುತ್ತೇವೆ. ವಿಮಾನ ನಿಲ್ದಾಣದಲ್ಲಿ ಲಗೇಜು ಎತ್ತುವವರು, ಟ್ಯಾಕ್ಸಿ ಓಡಿಸುವವರು, ಫ್ಯಾಕ್ಟರಿಯ ಸಾಲಿನಲ್ಲಿ ನಿಲ್ಲುವವರು ನಮ್ಮಲ್ಲಿ ಬರುತ್ತಿದ್ದರು. ಅರ್ಧ ತಾಸು ಅಲುಗಾಡದೆ ಮಲಗಲು ಸಿಗುವುದೇ ಅವರಿಗೆ ದೊಡ್ಡ ಔಷಧವಾಗಿತ್ತೆಂದು ಈಗ ಅನಿಸುತ್ತದೆ.

ಅಲ್ಲಿಯ ನನ್ನ ಮೊದಲ ಯಡವಟ್ಟು ಜೋಸೆಫ್ ಎಂಬವರ ವಿಷಯದಲ್ಲಿ. ಜಮೈಕಾದಿಂದ ಬಂದು ಜೀವನವಿಡೀ ಬಸ್ಸು ಓಡಿಸಿ ನಿವೃತ್ತರಾದ ಸಂಭಾವಿತರು. ಅವರು ಬೋರಲು ಮಲಗಿದ್ದಾಗ ನನಗೆ ಎಡ ಬಲ ಅದಲುಬದಲಾಗಿ, ಒಳ್ಳೆಯ ಮಂಡಿಗೆ ಬಿಸಿ ಪ್ಯಾಕು ಕಟ್ಟಿದೆ. ಮುಂದಿನ ಸಲವೂ ಕಟ್ಟಿದೆ. ಮೂರನೆಯ ಸಲ ಮಾರ್ಗರೆಟ್ ಪರದೆ ಸರಿಸಿ ನೋಡಿ, "ಸುನಂದಾ, ನೋವು ಯಾವ ಕಾಲಿಗೆ?" ಎಂದರು. ಜೋಸೆಫ್ ತಲೆ ಎತ್ತಿ, "ನೋವು ಆ ಕಡೆಯದಕ್ಕೆ. ಆದರೆ ಈ ಹುಡುಗಿ ಅಷ್ಟು ಪ್ರೀತಿಯಿಂದ ಇದಕ್ಕೆ ಕಟ್ಟುತ್ತಿದ್ದಳು, ಏನೋ ಕಾರಣ ಇರಬೇಕು ಅಂದುಕೊಂಡೆ," ಎಂದರು. ಮಾರ್ಗರೆಟ್ ಬೈಯಲಿಲ್ಲ. ಒಳಗೆ ಕರೆದು ಇಷ್ಟೇ ಹೇಳಿದರು: "ಪೇಶಂಟುಗಳು ನಾವಂದುಕೊಂಡದ್ದಕ್ಕಿಂತ ಹೆಚ್ಚು ಮರ್ಯಾದಸ್ಥರು. ಅವರು ತಾವಾಗಿ ಹೇಳುತ್ತಾರೆ ಅಂತ ಕಾಯಬೇಡ."

ಪ್ಲಾಜಾದ ಹಿಂಬದಿಯಲ್ಲಿ ಒಂದು ಜೂಡೋ ಕ್ಲಬ್ಬಿತ್ತು. ಸಂಜೆಯಾದರೆ ನಮ್ಮ ಹಿಂದಿನ ಗೋಡೆಯಲ್ಲಿ ಧಡ್ ಧಡ್ ಎಂದು ಸದ್ದು. ಹೊಸ ಪೇಶಂಟುಗಳು ಬೆಚ್ಚಿ ಬೀಳುತ್ತಿದ್ದರು. ಕ್ಲಬ್ಬು ನಡೆಸುತ್ತಿದ್ದ ವಾಲ್ಟರ್ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರರಾಗಿದ್ದವರು, ದೊಡ್ಡ ಗಂಟಲು, ಮೃದು ಮನಸ್ಸು. ಅವರ ಹುಡುಗರ ಉಳುಕಿದ ಬೆರಳು, ಕಳಚಿದ ಭುಜ ಎಲ್ಲ ನಮ್ಮಲ್ಲಿಗೇ ಬರುತ್ತಿದ್ದವು. ನನಗೆ ಲೈಸೆನ್ಸು ಸಿಕ್ಕ ಮೇಲೆ ಮಾರ್ಗರೆಟ್ ಆ ಪೇಶಂಟುಗಳನ್ನೆಲ್ಲ ನನಗೆ ವಹಿಸಿದರು. "ಅವರು ಮಾತು ಕೇಳುವುದಿಲ್ಲ. ನಿನಗೆ ತಾಳ್ಮೆ ಇದೆ," ಎಂಬುದು ಅವರು ಕೊಟ್ಟ ಕಾರಣ.

ಹಾಗೆ ನನ್ನ ಕೈಗೆ ಬಂದವಳು ಗುಲ್ನೋರಾ. ತೊಂಬತ್ತರ ದಶಕದ ನಡುವಿನಲ್ಲಿ ಉಜ್ಬೇಕಿಸ್ತಾನದಿಂದ ಬಂದವಳು. ಗಂಡ ದೂರದೂರಿಗೆ ಟ್ರಕ್ಕು ಓಡಿಸುತ್ತಿದ್ದ. ಮನೆ ಥಾರ್ನ್‌ಕ್ಲಿಫ್ ಪಾರ್ಕಿನ ಅಪಾರ್ಟ್‌ಮೆಂಟಿನಲ್ಲಿ, ಕೆಲಸ ರೆಕ್ಸ್‌ಡೇಲಿನಲ್ಲಿ ವಿಮಾನಗಳಿಗೆ ಊಟ ಕಟ್ಟಿ ಕಳಿಸುವ ಅಡುಗೆಮನೆಯಲ್ಲಿ. ಶಿಫ್ಟು ಮುಗಿಸಿ ನೇರ ಜೂಡೋ ಕ್ಲಬ್ಬಿಗೆ ಬರುತ್ತಿದ್ದಳು. ಮೊದಲ ದಿನ ಬಲ ಭುಜ ಹಿಡಿದುಕೊಂಡು ಬಂದಾಗ ಅವಳಿಗೆ ಇಂಗ್ಲಿಷು ನಾಲ್ಕು ಮಾತು ಬರುತ್ತಿತ್ತು. ನನ್ನ ಮುಖ, ಹಣೆಯ ಕುಂಕುಮ ನೋಡಿದ್ದೇ ಕಣ್ಣರಳಿಸಿ, "ಇಂಡಿಯಾ? ಹಿಂದಿ?" ಎಂದಳು. ಅವರ ಊರಲ್ಲಿ ಹಿಂದಿ ಸಿನಿಮಾ ಎಂದರೆ ಪ್ರಾಣವಂತೆ. ಅವಳು ಭಾಷೆ ಕಲಿತದ್ದು ಹೀರೋಗಳ ಡೈಲಾಗಿನಿಂದ. ಅದಕ್ಕೇ "ಮೈಂ ಆತಾ ಹೂಂ, ಮೈಂ ಜಾತಾ ಹೂಂ" ಎಂದು ಗಂಡಸಿನ ಹಾಗೆ ಮಾತಾಡುತ್ತಿದ್ದಳು. ನನ್ನದು ಹುಬ್ಬಳ್ಳಿ ಬಜಾರಿನ ಹಿಂದಿ, ಅದರಲ್ಲಿಯೂ ಹೆಣ್ಣು ಗಂಡಿನ ಲೆಕ್ಕವಿಲ್ಲ. ಇಬ್ಬರು ಹೆಂಗಸರು ಹೀಗೆ ಗಂಡಸರಂತೆ ಮಾತಾಡಿಕೊಂಡು ಹದಿನೈದು ವರ್ಷ ಕಳೆದೆವು. ಉತ್ತರ ಭಾರತದ ಕಡೆಯ ಪೇಶಂಟುಗಳು ಪರದೆಯ ಆಚೆ ನಗುತ್ತಿದ್ದರು.

ಅವಳ ಭಾಷೆಯ ಎಷ್ಟೋ ಮಾತು ನಮ್ಮ ಧಾರವಾಡ ಕಡೆಯ ಮಾತಿನ ಹತ್ತಿರವೇ ಇದ್ದವು. ನಾವು ದವಾಖಾನಿ ಅಂದರೆ ಅವಳಿಗೆ ತಿಳಿಯುತ್ತಿತ್ತು. ಗುರುವನ್ನು ಉಸ್ತೋಜ್ ಎನ್ನುತ್ತಿದ್ದಳು. ನಮ್ಮ ಗರಡಿಯಲ್ಲಿ ಕುಸ್ತಿ ಕಲಿಸುವವನು ವಸ್ತಾದ ಅಲ್ಲವೇ? ನನ್ನನ್ನು "ಓಪಾ" ಎಂದು ಕರೆದಳು. ಅವರಲ್ಲಿ ಹಾಗೆಂದರೆ ಅಕ್ಕ.

ಅವಳು ಹುಟ್ಟಿದ್ದು ಫರ್ಗಾನಾ ಕಣಿವೆಯ ಒಂದು ಊರಲ್ಲಿ. ಅಲ್ಲಿ ಮದುವೆಗಳಲ್ಲಿ ಸೊಂಟದ ಪಟ್ಟಿ ಹಿಡಿದು ಆಡುವ ಕುಸ್ತಿ ಇರುತ್ತದಂತೆ. ಕುರಾಶ್ ಎಂದು ಹೆಸರು. ಅಣ್ಣಂದಿರ ಜೊತೆ ಅಂಗಳದಲ್ಲಿ ಕುರಾಶ್ ಆಡುತ್ತಿದ್ದವಳನ್ನು ಯಾರೋ ನೋಡಿ ಜೂಡೋ ಶಾಲೆಗೆ ಸೇರಿಸಿದರು. ಸೋವಿಯತ್ ಕಿರಿಯರ ತಂಡದ ಆಯ್ಕೆ ಪಂದ್ಯ ಗೆದ್ದಳು. ತಂಡ ಹೊರಡುವ ಮೊದಲೇ ಆ ದೇಶ ಇಲ್ಲವಾಯಿತು. ಹೊಸ ದೇಶದಲ್ಲಿ ಮತ್ತೆ ಆಯ್ಕೆಯಾದಳು. ಆಗ ಎಲ್ಲವೂ ಅಸ್ತವ್ಯಸ್ತವಾಗಿದ್ದ ಕಾಲ. ವಿಮಾನದ ಟಿಕೆಟುಗಳ ಏರ್ಪಾಡಾಗಲಿಲ್ಲ, ಅವಳ ತೂಕದ ವಿಭಾಗದಲ್ಲಿ ಯಾರೂ ಹೋಗಲಿಲ್ಲ. ಇದನ್ನೆಲ್ಲ ಯಾರನ್ನೂ ದೂರದೆ, ಮಳೆ ಬಂದು ಆಟ ನಿಂತಿತು ಎನ್ನುವ ಹಾಗೆ ಹೇಳಿದಳು. ನಾನೂ ಅಷ್ಟಕ್ಕೇ ಬಿಟ್ಟೆ.

ಅವಳ ಭುಜಕ್ಕೆ ನಾನು ಕ್ರಮದ ಪ್ರಕಾರ ಬಿಸಿ ಕಟ್ಟಿ ಕರೆಂಟು ಹಚ್ಚಿದೆ. ಐದು ನಿಮಿಷಕ್ಕೆ ಎದ್ದು ಕೂತಳು. "ಓಪಾ, ಮಷೀನ್ ಕಾಮ್ ಕರ್ತಾ, ಮೈಂ ಸೋತಾ. ಮೇರಾ ಕಂಧಾ ಕಬ್ ಕಾಮ್ ಕರೇಗಾ?" ಮಷೀನು ಕೆಲಸ ಮಾಡುತ್ತಿದೆ, ನಾನು ನಿದ್ದೆ ಮಾಡುತ್ತಿದ್ದೇನೆ, ನನ್ನ ಭುಜ ಕೆಲಸ ಮಾಡುವುದು ಯಾವಾಗ ಎಂದು ಅವಳ ತಕರಾರು. ನಾಳೆ ಕ್ಲಬ್ಬಿಗೆ ಬಂದು ಭುಜ ಏನು ಕೆಲಸ ಮಾಡಬೇಕೋ ನೋಡು ಎಂದು ಕರೆದಳು. ಹೋದೆ.

ಅಲ್ಲಿ ನಾನು ಕಂಡದ್ದು ಎಸೆಯುವುದನ್ನಲ್ಲ, ಬೀಳುವುದನ್ನು. ಪ್ರತಿ ಸಂಜೆ ಮೊದಲ ಕಾಲು ತಾಸು ಎಲ್ಲರೂ ಬೀಳುತ್ತಿದ್ದರು. ಹಿಂದಕ್ಕೆ, ಪಕ್ಕಕ್ಕೆ, ಮುಂದಕ್ಕೆ ಉರುಳಿ. ಗದ್ದವನ್ನು ಎದೆಗೆ ಒತ್ತಿ, ಬೆನ್ನನ್ನು ಬಿಲ್ಲಾಗಿಸಿ, ಅಂಗೈಯಿಂದ ಚಾಪೆಯನ್ನು ಛಟ್ಟನೆ ಬಡಿದು ಏಳುತ್ತಿದ್ದರು. ನಮ್ಮ ಗೋಡೆಯ ಧಡ್ ಧಡ್ ಅದೇ. ಬಿದ್ದರೆ ಗಟ್ಟಿಯಾಗಿ ಕೈಯೂರಬಾರದು, ಊರಿದರೆ ಮಣಿಕಟ್ಟು ಮುರಿಯುತ್ತದೆ ಎಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ದೇಹಕ್ಕೆ ಅದನ್ನು ಕಲಿಸಬಹುದು ಎಂದು ಯಾರೂ ಹೇಳಿರಲಿಲ್ಲ.

ಅಂದಿನಿಂದ ನನ್ನ ಕೆಲಸ ನಿಧಾನವಾಗಿ ಬದಲಾಯಿತು. ಗುಲ್ನೋರಾಳ ಭುಜಕ್ಕೆ ಮಷೀನು ಬಿಟ್ಟು ರಬ್ಬರ್ ಪಟ್ಟಿ, ಗೋಡೆ, ನೆಲ ಬಳಸಿದೆ. ಆಮೇಲೆ ಲಗೇಜು ಎತ್ತುವವರಿಗೂ ಹಾಗೆಯೇ ಮಾಡಿದೆ. ಮಾರ್ಗರೆಟ್‌ಗೆ ಇದು ಹಿಡಿಸಲಿಲ್ಲ. "ಪೇಶಂಟುಗಳು ಬೆವರಿಕೊಂಡು ಹೊರಗೆ ಹೋಗುತ್ತಿದ್ದಾರೆ. ಇದು ಕ್ಲಿನಿಕ್ಕೋ ಜಿಮ್ಮೋ?" ಎಂದರು. ನಾನು ವಾದ ಮಾಡಲಿಲ್ಲ, ನನ್ನ ಮಂಚಗಳಲ್ಲಿ ಎರಡನ್ನು ಮಡಚಿ ಗೋಡೆಗೆ ಒರಗಿಸಿ ನೆಲ ಖಾಲಿ ಮಾಡಿಕೊಂಡೆ. ಮುಂದೆ ಎರಡು ಸಾವಿರದ ದಶಕದಲ್ಲಿ ಎಲ್ಲ ಕಡೆ ಮಷೀನುಗಳು ಮೂಲೆ ಸೇರಿ ವ್ಯಾಯಾಮ ಬಂತು. ಈಗ ಓದುವವರಿಗೆ ಇದರಲ್ಲಿ ಹೊಸತೇನೂ ಕಾಣಲಿಕ್ಕಿಲ್ಲ. ಆಗ ಒಂದು ಮಂಚ ಮಡಚಲೂ ಧೈರ್ಯ ಬೇಕಾಗಿತ್ತು.

ಪ್ರಾಂತ್ಯದ ಪಂದ್ಯಗಳಲ್ಲಿ ಗುಲ್ನೋರಾ ಗೆಲ್ಲುತ್ತಲೇ ಇದ್ದಳು. ಆದರೆ ಸಿಟಿಜನ್‌ಶಿಪ್ ಇಲ್ಲದೆ ದೇಶದ ತಂಡಕ್ಕೆ ಸೇರುವಂತಿರಲಿಲ್ಲ. ಅವಳು ಸೋಲಿಸಿದ ಹುಡುಗಿಯರು ಅವಳೆದುರೇ ಈ ದೇಶದ ಬಾವುಟದ ಕೆಂಪು ಎಲೆಯ ಜಾಕೆಟ್ಟು ತೊಟ್ಟು ಬೇರೆ ದೇಶಗಳಿಗೆ ಹೋಗಿ ಬರುತ್ತಿದ್ದರು. ಕಡೆಗೆ ಪ್ರಮಾಣ ವಚನ ಮುಗಿಸಿ ಸಿಟಿಜನ್ ಆದಾಗ ಅವಳಿಗೆ ಮೂವತ್ತೆರಡು. ಜೂಡೋದಲ್ಲಿ ಅದು ಅಜ್ಜಿಯ ವಯಸ್ಸು. ಅದೇ ವಸಂತದಲ್ಲಿ ತಂಡದ ಆಯ್ಕೆ ಪಂದ್ಯ, ಅದೂ ನಮ್ಮ ಪಿಕರಿಂಗಿನ ಕ್ರೀಡಾಂಗಣದಲ್ಲಿ. ವಾಲ್ಟರ್ ಎಲ್ಲರಿಗೂ ಡೋನಟ್ ಹಂಚಿದರು.

ಪಂದ್ಯಕ್ಕೆ ಮೂರು ವಾರವಿದ್ದಾಗ ಅಭ್ಯಾಸದಲ್ಲಿ ಅವಳ ಎಡಮಂಡಿ ತಿರುಚಿತು. ವಾಲ್ಟರ್ ಅವಳನ್ನು ಹೊತ್ತುಕೊಂಡೇ ನಮ್ಮ ಹಿಂಬಾಗಿಲಿನಿಂದ ಬಂದರು. ಅಂದು ಊತದಲ್ಲಿ ಏನೂ ತಿಳಿಯಲಿಲ್ಲ. ನಾಲ್ಕು ದಿನ ಬಿಟ್ಟು ಪರೀಕ್ಷಿಸಿದೆ. ಈ ಪರೀಕ್ಷೆ ನಿಮಗೂ ಕಲಿಸುತ್ತಾರೆ. ಮಂಡಿಯನ್ನು ತುಸು ಮಡಚಿ, ಒಂದು ಕೈಯಲ್ಲಿ ತೊಡೆ ಹಿಡಿದು, ಇನ್ನೊಂದರಲ್ಲಿ ಕೆಳಗಿನ ಎಲುಬನ್ನು ಮುಂದಕ್ಕೆ ಎಳೆಯಬೇಕು. ಎಲುಬುಗಳನ್ನು ಕಟ್ಟಿಹಿಡಿಯುವ ಒಳಗಿನ ನಾರು, ಲಿಗಮೆಂಟು, ಸರಿಯಿದ್ದರೆ ಬಾವಿಯ ಹಗ್ಗ ಬಿಗಿದಂತೆ ಟಕ್ಕನೆ ನಿಲ್ಲುತ್ತದೆ. ಹರಿದಿದ್ದರೆ ನಿಲ್ಲುವುದಿಲ್ಲ, ಮೆತ್ತಗೆ ಜಾರಿಕೊಂಡು ಬರುತ್ತದೆ. ಅವಳದು ಜಾರಿಕೊಂಡು ಬಂತು. ನಾನು ಇನ್ನೊಮ್ಮೆ ಮಾಡಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಬೋಲೋ ಓಪಾ."

"ಟೂಟ್ ಗಯಾ, ಗುಲ್ನೋರಾ. ಆಪರೇಶನ್ ಬೇಕಾಗ್ತದ. ಅದಾದ ಮ್ಯಾಲೆ ಒಂದು ವರ್ಷ." ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಏನೋ ಹೇಳಿದೆ. ಅವಳಿಗೆ ಅರ್ಥವಾಯಿತು.

ಒಂದು ಪ್ರಶ್ನೆ ಕೇಳಿದಳು. "ಏಕ್ ದಿನ್ ಚಲೇಗಾ?" ಈ ಮಂಡಿ ಒಂದು ದಿನದ ಮಟ್ಟಿಗೆ ನಡೆದೀತೇ?

ನಾನು ಪ್ರಶ್ನೆಯನ್ನು ನನ್ನ ರೀತಿಯಲ್ಲಿ ತಿಳಿದುಕೊಂಡೆ. ಆಯ್ಕೆ ಪಂದ್ಯ ಗೆದ್ದರೆ ಮುಂದೆ ದೊಡ್ಡ ಪಂದ್ಯ, ಅದಕ್ಕೆ ತಿಂಗಳುಗಟ್ಟಲೆ ತರಬೇತಿ. ಹರಿದ ಮಂಡಿಯಲ್ಲಿ ಅದೆಲ್ಲ ಸಾಧ್ಯವಿಲ್ಲ ಎಂದು ಉದ್ದಕ್ಕೆ ವಿವರಿಸಿದೆ. ಮೂಳೆಯ ಚಿತ್ರ ಬರೆದು ತೋರಿಸಿದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡು ಮತ್ತೆ ಅದನ್ನೇ ಕೇಳಿದಳು. "ಓಪಾ, ಏಕ್ ದಿನ್?"

"ಒಂದು ದಿನ ನಡೀಬಹುದು. ನಡೀದನೂ ಇರಬಹುದು. ಒಳಗ ಇನ್ನೂ ಹಾಳಾಗಬಹುದು," ಎಂದೆ. ಅದಕ್ಕಿಂತ ಹೆಚ್ಚು ನನಗೆ ಗೊತ್ತಿರಲಿಲ್ಲ.

ಆಮೇಲಿನ ದಿನಗಳಲ್ಲಿ ಎಲ್ಲರೂ ಒಂದೊಂದು ಮಾತು ಹೇಳಿದರು. ವಾಲ್ಟರ್ ಬಂದು ಬಾಗಿಲಲ್ಲೇ ನಿಂತು, "ಬರೀ ಉಳುಕು ಅಂತ ಒಂದು ಚೀಟಿ ಬರೆದುಕೊಡು. ಪಂದ್ಯದ ಡಾಕ್ಟರು ಅಷ್ಟು ನೋಡಿದರೆ ಬಿಡುತ್ತಾರೆ. ಈ ಹೆಂಗಸು ಎಂಟು ವರ್ಷ ಕಾದಿದ್ದಾಳೆ," ಎಂದು ಬೇಡಿಕೊಂಡರು. ನಾನು ಆಗುವುದಿಲ್ಲ ಎಂದೆ. ಅವರ ಕಣ್ಣಲ್ಲಿ ನೀರು ತುಂಬಿತ್ತು. ಆದರೂ ಬರೆಯಲಿಲ್ಲ. ಆಗ ಗುಲ್ನೋರಾಳೇ ಅವರ ತೋಳು ಹಿಡಿದು, "ನೋ ಪೇಪರ್, ಉಸ್ತೋಜ್. ನಾನೇ ಡಾಕ್ಟರಿಗೆ ಹೇಳುತ್ತೇನೆ," ಎಂದು ತನ್ನ ಇಂಗ್ಲಿಷಿನಲ್ಲಿ ಹೇಳಿದಳು.

ಮನೆಯಲ್ಲಿ ಶ್ರೀಪಾದರು ಚಪಾತಿ ಮುರಿಯುತ್ತಾ, "ನೀ ಇದರಾಗ ಸಿಗಬ್ಯಾಡ ನೋಡು. ನಾಳೆ ಏನರೆ ಆತಂದ್ರ ನಿನ್ನ ಲೈಸೆನ್ಸಿಗೆ ಬರತದ," ಎಂದರು.

"ಆಕಿ ಹೆಂಗಿದ್ರೂ ಆಡಾಕಿನೇ. ನಾ ಇದ್ರರೆ ಮೊಣಕಾಲಿಗೆ ಚಲೋತ್ನಂಗ ಪಟ್ಟಿ ಸುತ್ತತೇನಿ."

"ಪಟ್ಟಿ ಸುತ್ತಿದ್ರ ನಿಲ್ಲತದೇನು?"

"ಇಲ್ಲ."

ಅವರು ಇನ್ನೊಂದು ಚಪಾತಿ ಹಾಕಿಕೊಳ್ಳುತ್ತಾ, "ಶನಿವಾರ ನನಗೂ ಸೂಟಿ ಅದ. ಇಬ್ಬರನೂ ನಾನೇ ಬಿಡತೇನಿ," ಎಂದರು.

ಮಾರ್ಗರೆಟ್ ನನ್ನನ್ನು ಕರೆಸಿದಾಗ ಕೆಲಸವೇ ಹೋಯಿತು ಎಂದುಕೊಂಡಿದ್ದೆ. ಅವರು ಬಾಗಿಲು ಮುಚ್ಚಿ, "ನನ್ನ ಕ್ಲಿನಿಕ್ಕು ಆ ಕಾಲನ್ನು ಪಂದ್ಯಕ್ಕೆ ಕಳಿಸುವುದಿಲ್ಲ. ಅದನ್ನು ಅವಳಿಗೆ ಸ್ಪಷ್ಟವಾಗಿ ಹೇಳಿದ್ದೀಯಾ?" ಎಂದು ಕೇಳಿದರು. ಹೇಳಿದ್ದೇನೆ ಎಂದೆ. "ಚಿತ್ರ ಬರೆದು?" ಹೌದು ಎಂದೆ. "ಹಾಗಿದ್ದರೆ ಅದು ಅವಳ ಕಾಲು," ಎಂದು ಹೇಳಿ ಅಲಮಾರಿಯಿಂದ ಒಳ್ಳೆಯ ಟೇಪಿನ ನಾಲ್ಕು ಸುರುಳಿ ತೆಗೆದು ಮೇಜಿನ ಮೇಲಿಟ್ಟು ಫೋನು ಎತ್ತಿಕೊಂಡರು. ಮೇಲಿನವರಲ್ಲಿ ಇಂಥವರು ಸಿಗುವುದು ಅಪರೂಪ. ಸಿಕ್ಕಾಗ ಗುರುತಿಸಿ.

ಶನಿವಾರ ಬೆಳಿಗ್ಗೆ ಕ್ರೀಡಾಂಗಣದಲ್ಲಿ ಮೊದಲು ಡಾಕ್ಟರ ಬಳಿ ಹೋದೆವು. ಬಿಳಿಗಡ್ಡದ ಹಿರಿಯರು. ಗುಲ್ನೋರಾ ಕಾಲು ಚಾಚಿ ಎಲ್ಲವನ್ನೂ ಹೇಳಿದಳು, ಅವಳಿಗೆ ಹೇಳಲು ಬಾರದ್ದನ್ನು ನಾನು ತಿಳಿಸಿದೆ. ಅವರು ತಾವೂ ಎಳೆದು ನೋಡಿ ತಲೆ ಅಲ್ಲಾಡಿಸಿದರು. ಇವತ್ತು ಈ ಮಂಡಿ ಪೂರ್ತಿ ಹಾಳಾಗಬಹುದು, ಅದು ಅವಳಿಗೆ ಅರ್ಥವಾಗಿದೆಯೇ ಎಂದು ಕೇಳಿದರು. ನಾನು ಅದನ್ನು ಹಿಂದಿಗೆ ತಿರುಗಿಸುವ ಮೊದಲೇ ಅವಳು, "ಯೆಸ್. ಐ ಅಂಡರ್‌ಸ್ಟ್ಯಾಂಡ್," ಎಂದಳು. ಅವರು ಅವಳ ಮುಖವನ್ನು ನೋಡಿ, ಆಡಲು ಬಿಟ್ಟರು.

ಬಟ್ಟೆ ಬದಲಿಸುವ ಕೋಣೆಯಲ್ಲಿ ನಾನು ನೆಲದ ಮೇಲೆ ಕೂತು ಪಟ್ಟಿ ಸುತ್ತಿದೆ. ಅವಳು ನನ್ನ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದಳು. "ಇದು ಕಾಲನ್ನು ಹಿಡಿಯುವುದಿಲ್ಲ. ಕಾಲು ಎಲ್ಲಿದೆ ಅಂತ ನಿನಗೆ ನೆನಪು ಮಾಡುತ್ತಿರುತ್ತದೆ, ಅಷ್ಟೇ," ಎಂದು ಅವಳಿಗೆ ಹೇಳಿದೆ. "ಬಸ್. ಉತ್ನಾ ಕಾಫಿ," ಎಂದಳು. ಅಷ್ಟು ಸಾಕು.

ಮೊದಲಿನ ಪಂದ್ಯಗಳಲ್ಲಿ ಅವಳು ನಿಂತು ಸೆಣಸಲೇ ಇಲ್ಲ. ಎದುರಾಳಿಯನ್ನು ಹೇಗೋ ನೆಲಕ್ಕೆ ಎಳೆದು ಮೇಲೆ ಒರಗಿ ಅಮುಕಿ ಹಿಡಿದಳು. ಒಬ್ಬೊಬ್ಬರೇ ಅಡಿಯಲ್ಲಿ ಒದ್ದಾಡಿ ಸೋತರು. ಫೈನಲ್‌ನಲ್ಲಿ ಎದುರು ಬಂದವಳು ರಾಜಧಾನಿ ಒಟ್ಟಾವಾದಿಂದ ಬಂದ ಎಮಿಲಿ ಎಂಬ ಇಪ್ಪತ್ತರ ಹುಡುಗಿ. ಗುಲ್ನೋರಾಳ ಆಟವನ್ನು ಬೆಳಗಿನಿಂದ ನೋಡಿಕೊಂಡಿದ್ದಳು, ನೆಲಕ್ಕೆ ಹೋಗಲೇ ಇಲ್ಲ. ದೂರ ನಿಂತು ಗುಲ್ನೋರಾಳನ್ನು ಎಳೆದಾಡಿಸಿದಳು. ಒಮ್ಮೆ ಎಡಗಾಲು ತಿರುಗಿ ಗುಲ್ನೋರಾಳ ಮುಖ ಬಿಳಿಚಿಕೊಂಡಿತು. ರೆಫರಿ ನಿಲ್ಲಿಸಿ ಆಗುತ್ತದೆಯೇ ಎಂದು ಕೇಳಿದ. ಅವಳು ಆಗುತ್ತದೆಂದು ತಲೆಯಾಡಿಸಿ, ಜಾಕೆಟ್ಟು ಸರಿಮಾಡಿಕೊಂಡು ಗೆರೆಗೆ ಬಂದಳು. ಶ್ರೀಪಾದರು ಎದ್ದು ನಿಂತಿದ್ದರು.

ಆಮೇಲೆ ಆದದ್ದು ಬಹಳ ಬೇಗ ಆಯಿತು. ಎಮಿಲಿ ಒಳಗೆ ನುಗ್ಗಿದಳು. ಗುಲ್ನೋರಾ ಹಿಂದೆ ಸರಿಯುವ ಬದಲು ಅವಳನ್ನು ಅಪ್ಪಿಕೊಳ್ಳುವಂತೆ ಕೈಯನ್ನು ಬೆನ್ನಿನ ಮೇಲಿಂದ ಹಾಯಿಸಿ ಹಿಂದಿನಿಂದ ಸೊಂಟದ ಪಟ್ಟಿ ಹಿಡಿದಳು. ಎರಡೂ ಪಾದ ನೆಲಕ್ಕೆ ಊರಿ, ಸೊಂಟ ತಿರುಗಿಸಿ, ಹುಡುಗಿಯನ್ನು ಅದರ ಮೇಲಿಂದ ಹೊರಳಿಸಿ ಕೆಡವಿದಳು. ಬೆನ್ನು ಪೂರ್ತಿ ನೆಲಕ್ಕೆ ತಾಕಿ ಇಡೀ ಕ್ರೀಡಾಂಗಣದಲ್ಲಿ ಸದ್ದಾಯಿತು. ರೆಫರಿಯ ಕೈ ನೆಟ್ಟಗೆ ಮೇಲಕ್ಕೆ ಹೋಯಿತು, ಅವಳು ಗೆದ್ದಿದ್ದಳು. ಇಷ್ಟು ವರ್ಷ ನೋಡಿದ್ದ ನನಗೆ ಅವಳು ಆ ಪಟ್ಟು ಹಾಕಿದ್ದು ಅದೇ ಮೊದಲು ಕಂಡದ್ದು. ಅದು ಜೂಡೋ ಶಾಲೆಯದಲ್ಲ, ಅಣ್ಣಂದಿರ ಜೊತೆ ಅಂಗಳದಲ್ಲಿ ಕಲಿತ ಕುರಾಶಿನದು ಎಂದು ಆಮೇಲೆ ಹೇಳಿದಳು. ಹೀಗೆ ಸ್ವಚ್ಛವಾಗಿ ಕೆಡವಿದ್ದಕ್ಕೆ ಅಲ್ಲಿ ಹಲೋಲ್ ಎನ್ನುತ್ತಾರಂತೆ. ನ್ಯಾಯವಾಗಿ ಗಳಿಸಿದ್ದು ಎಂದರ್ಥ.

ಇಬ್ಬರೂ ಬಾಗಿ ವಂದಿಸಿದರು. ವಾಲ್ಟರ್ ಕೂಗುತ್ತಾ ಓಡಿದರು. ಗುಲ್ನೋರಾ ಅವರನ್ನು ದಾಟಿ, ಕುಂಟುತ್ತಾ, ಆಯ್ಕೆಗಾರರು ಕೂತಿದ್ದ ಮೇಜಿಗೆ ಹೋದಳು. ಎಮಿಲಿಯನ್ನೂ ಕೈಸನ್ನೆ ಮಾಡಿ ಕರೆದಳು. ನಾನು ಹಿಂದೆಯೇ ಓಡಿದೆ. ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬಂದಿದ್ದಳೆಂದು ಕಾಣುತ್ತದೆ, ಇಂಗ್ಲಿಷು ಒಂದೂ ತಪ್ಪಲಿಲ್ಲ. "ನನ್ನ ಮಂಡಿ ಹರಿದಿದೆ. ನಾನು ತಂಡದಲ್ಲಿ ಹೋಗುವುದಿಲ್ಲ. ಈ ಹುಡುಗಿ ಹೋಗಲಿ. ನಾನು ಇವತ್ತಿಗೆ ಮುಗಿಸಿದ್ದೇನೆ. ಧನ್ಯವಾದ." ಎಮಿಲಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗುಲ್ನೋರಾ ಅವಳ ಜಾಕೆಟ್ಟಿನ ಕಾಲರನ್ನು, ತಾಯಿ ಮಗಳದನ್ನು ಸರಿಮಾಡುವ ಹಾಗೆ, ಸರಿಮಾಡಿ ಬಂದಳು.

ವಾಲ್ಟರಿಗೆ ಸಿಟ್ಟು ಬಂದಿತ್ತು. "ನನಗೆ ಮೊದಲೇ ಹೇಳಬಾರದಿತ್ತೇ?" ಎಂದು ಸಿಡುಕಿ ತಮ್ಮ ಕಾರು ಹತ್ತಿ ಹೋದರು. ಒಂದು ವಾರದ ಮೇಲೆ ಹೂವು ತೆಗೆದುಕೊಂಡು ಅವಳ ಮನೆಗೆ ಹೋದರಂತೆ.

ಕಾರಿನಲ್ಲಿ ಅವಳು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಿದ್ದಳು, ಮಂಡಿಯ ಮೇಲೆ ಐಸು. ಶ್ರೀಪಾದರಿಗೆ ತಡೆಯಲಾಗಲಿಲ್ಲ. "ಕೇಳು ಆಕಿನ್ನ. ಗೆದ್ದಮ್ಯಾಲೆ ಹೊಳ್ಳಿ ಕೊಡೋದಿತ್ತಂದ್ರ ಇಷ್ಟೆಲ್ಲಾ ಯಾಕ ಬೇಕಿತ್ತು?" ಎಂದರು.

ನಾನು ಕೇಳಿದೆ. ಅವಳು ಕಿಟಕಿಯ ಹೊರಗೆ ನೋಡುತ್ತಾ, "ದೋ ಬಾರ್ ದೂಸರಾ ಲೋಗ್ ಬಂದ್ ಕಿಯಾ. ಇಸ್ ಬಾರ್ ಮೈಂ ಬಂದ್ ಕರೇಗಾ, ಐಸಾ ಸೋಚಾ," ಎಂದಳು. ಎರಡು ಸಲ ಬೇರೆಯವರು ಮುಗಿಸಿಬಿಟ್ಟರು. ಈ ಸಲ ನಾನೇ ಮುಗಿಸಬೇಕು ಅಂದುಕೊಂಡೆ.

ಶ್ರೀಪಾದರಿಗೆ ಅದನ್ನು ಕನ್ನಡದಲ್ಲಿ ಹೇಳುವಾಗಲೇ ನನಗೆ ಹೊಳೆಯಿತು. ಅವಳು ಮೊದಲ ದಿನವೇ ಒಂದು ದಿನ ಎಂದು ಕೇಳಿದ್ದಳು. ಒಂದು ವರ್ಷವನ್ನು ಕೇಳಿರಲೇ ಇಲ್ಲ. ನಾನು ಚಿತ್ರ ಬರೆದು ಬರೆದು ಅವಳು ಕೇಳದ ಪ್ರಶ್ನೆಗೆ ಉತ್ತರ ಹೇಳುತ್ತಿದ್ದೆ. ಮಂಡಿಯ ವಿಷಯದಲ್ಲಿ ನಾನು ಹೇಳಿದ್ದು ಪೂರ್ತಿ ಸರಿಯಿತ್ತು. ಮಂಡಿ ಯಾರದೋ ಅವಳಿಗೆ ಅದರಿಂದ ಏನು ಮಾಡಬೇಕಾಗಿದೆ ಎಂದು ಮಾತ್ರ ಕೇಳಿರಲಿಲ್ಲ. ಆಮೇಲಿನ ವರ್ಷಗಳಲ್ಲಿ ಯಾವ ಪೇಶಂಟು ಬಂದರೂ ನನ್ನ ಮೊದಲ ಪ್ರಶ್ನೆ ಅದೇ ಆಯಿತು. ಉತ್ತರಗಳು ನಾನು ಊಹಿಸದಂಥವು. ಒಬ್ಬ ಟ್ಯಾಕ್ಸಿ ಡ್ರೈವರಿಗೆ ಬೆನ್ನು ಗುಣವಾಗುವುದು ಬೇಕಿರಲಿಲ್ಲ, ನಮಾಜಿನಲ್ಲಿ ಬಾಗಲು ಬಂದರೆ ಸಾಕಿತ್ತು. ಒಬ್ಬ ಅಜ್ಜಿಗೆ ಮೊಮ್ಮಗುವನ್ನು ತೊಟ್ಟಿಲಿಂದ ಎತ್ತಬೇಕಿತ್ತು. ಆ ಒಂದೇ ಕೆಲಸಕ್ಕೆ ದೇಹವನ್ನು ತಯಾರು ಮಾಡುವುದು ಎಲ್ಲವನ್ನೂ ಗುಣಪಡಿಸುತ್ತೇನೆಂದು ಹೊರಡುವುದಕ್ಕಿಂತ ಕಷ್ಟ. ಆದರೆ ಅದು ಆಗುವ ಕೆಲಸ.

ಗುಲ್ನೋರಾಳ ಆಪರೇಶನ್ ಆಯಿತು. ಅಂದಿನ ಪಂದ್ಯದಲ್ಲಿ ಮಂಡಿಯ ಒಳಗಿನ ಮೆತ್ತೆಯೂ ಹರಿದಿತ್ತು, ಅದನ್ನು ಕತ್ತರಿಸಿ ತೆಗೆದರು. ಈಗಲೂ ಚಳಿಗಾಲದಲ್ಲಿ ಆ ಕಾಲು ಅವಳಿಗೆ ನೋಯುತ್ತದೆ. ಅದನ್ನು ಮುಚ್ಚಿಟ್ಟು ನಾನು ಈ ಕಥೆಯನ್ನು ಚಂದ ಮಾಡಬಾರದು. ಪಶ್ಚಾತ್ತಾಪವಿದೆಯೇ ಎಂದು ಒಮ್ಮೆ ಕೇಳಿದೆ. "ದರ್ದ್ ಹೈ. ಅಫ್ಸೋಸ್ ನಹೀಂ," ಎಂದಳು. ನೋವಿದೆ, ಪಶ್ಚಾತ್ತಾಪವಿಲ್ಲ.

ಗುಣವಾಗುತ್ತಿದ್ದಾಗ ಅವಳು ನಮ್ಮ ನೆಲದ ಮೇಲೆ ವ್ಯಾಯಾಮ ಮಾಡುತ್ತಾ ಪಕ್ಕದ ಮುದುಕಿಯರನ್ನು ನೋಡುತ್ತಿದ್ದಳು. ಹಿಮದ ತಿಂಗಳು ಬಂತೆಂದರೆ ನಮ್ಮಲ್ಲಿ ಮುರಿದ ಮಣಿಕಟ್ಟುಗಳ ಸಾಲು. ಎಲ್ಲರದೂ ಒಂದೇ ಕಥೆ, ಜಾರಿದೆ, ಕೈಯೂರಿದೆ. ಒಂದು ದಿನ ನನಗೆ ಹೇಳಿದಳು, "ಓಪಾ, ಇವರಿಗೆ ಬೀಳುವುದಕ್ಕೇ ಬರುವುದಿಲ್ಲ." ಇದನ್ನು ಕಲಿಸೋಣ ಎಂದೆ. ಮಾರ್ಗರೆಟ್ ಹುಬ್ಬೇರಿಸಿ, "ಎಪ್ಪತ್ತು ದಾಟಿದವರನ್ನು ನೀವಾಗಿಯೇ ಬೀಳಿಸುತ್ತೀರಾ?" ಎಂದರು. ದಪ್ಪ ಚಾಪೆ, ಮೊದಲು ಕೂತಲ್ಲಿಂದ, ಆಮೇಲೆ ಮೊಣಕಾಲೂರಿ, ಬೇಕಾದರೆ ಮಾತ್ರ ನಿಂತು ಎಂದು ಇಬ್ಬರೂ ಕೂತು ಪಾಠ ಕಟ್ಟಿದೆವು. ಎಲುಬು ತೀರ ಸವೆದವರನ್ನು ಸೇರಿಸಿಕೊಳ್ಳಲಿಲ್ಲ, ಅವರಿಗೆ ನೆಲದಿಂದ ಏಳುವುದನ್ನಷ್ಟೇ ಕಲಿಸಿದೆವು. ಥಾರ್ನ್‌ಕ್ಲಿಫ್ ಪಾರ್ಕಿನ ಸಮುದಾಯ ಭವನದಲ್ಲಿ ಒಂದು ಕೋಣೆ ಸಿಕ್ಕಿತು.

ಮೊದಲ ದಿನ ಗುಲ್ನೋರಾಳ ಪಕ್ಕದ ಮನೆಯ ಜುಬೇದಾ ಖಾಲಾ ಒಬ್ಬರೇ ಬಂದರು. ಖಾಲಾ ಎಂದರೆ ಚಿಕ್ಕಮ್ಮ. ಹೈದರಾಬಾದಿನವರು, ಗಿಡ್ಡ, ಗುಂಡಗೆ, ಬಾಯಿ ಜೋರು. "ಸತ್ತಮೇಲೆ ಹೇಗೂ ಮಲಗುವುದೇ. ಈಗಲೇ ಬೀಳಿಸಲು ಕರೆಯುತ್ತೀರಲ್ಲ," ಎಂದು ಉರ್ದುವಿನಲ್ಲಿ ಬೈಯುತ್ತಲೇ ಚಾಪೆಯ ಮೇಲೆ ಕೂತರು. ಮುಂದಿನ ವಾರ ನಾಲ್ವರನ್ನು ಕರೆತಂದರು. ವರ್ಷ ತುಂಬುವುದರೊಳಗೆ ಸಲ್ವಾರು, ಸೀರೆ, ಟ್ರ್ಯಾಕ್ ಪ್ಯಾಂಟು ತೊಟ್ಟವರಿಂದ ಕೋಣೆ ತುಂಬಿತು. ನಮ್ಮ ಬಳಗದ ಬೆಳಗಾವಿಯ ಗಂಗಮ್ಮನವರು ಕಚ್ಚೆ ಬಿಗಿದು ಬಂದು, "ಗರಡ್ಯಾಗ ಗಂಡಸರಿಗೆ ಕಲಿಸ್ತಾರ, ನಮಗ ಇಲ್ಲಿ ಬಂದು ಕಲಿಯೂದು ಬಂತು," ಎಂದು ಉರುಳಿದರು. ಗುಲ್ನೋರಾ ಅವರ ನಡುವೆ ಬರಿಗಾಲಲ್ಲಿ ಓಡಾಡುತ್ತಾ, ಒಬ್ಬರ ಗದ್ದ ಒತ್ತಿ, ಇನ್ನೊಬ್ಬರ ಮೊಣಕೈ ಮಡಚಿ, "ಹಾಥ್ ನಹೀಂ! ಪೀಠ್! ಪೀಠ್!" ಎಂದು ಕೂಗುತ್ತಿದ್ದಳು. ಕೈಯೂರಬೇಡಿ, ಬೆನ್ನ ಮೇಲೆ ಉರುಳಿ. ಅವಳ ನಿಜವಾದ ವೃತ್ತಿ ಶುರುವಾದದ್ದು ಅಲ್ಲಿ ಎಂದು ನಾನು ಹೇಳಲಾರೆ. ಹಾಗೆಂದರೆ ಅವಳು ಸಿಟ್ಟಾಗುತ್ತಾಳೆ. ಅವಳ ಲೆಕ್ಕದಲ್ಲಿ ಅವಳು ಜೂಡೋ ಆಟಗಾರ್ತಿ, ಇದು ಆಮೇಲಿನ ಕೆಲಸ.

ಒಂದು ಜನವರಿಯಲ್ಲಿ, ಎರಡು ದಿನ ಹಿಮ ಸುರಿದು ಮೇಲೆ ಮಂಜುಗಡ್ಡೆ ಕಟ್ಟಿದ್ದ ಬೆಳಿಗ್ಗೆ, ನಾವಿಬ್ಬರೂ ಭವನದಲ್ಲಿ ಚಾಪೆ ಹಾಸುತ್ತಿದ್ದೆವು. ಗುಲ್ನೋರಾಳ ಫೋನು ಬಡಿಯಿತು. ಜುಬೇದಾ ಖಾಲಾ. ಅವರ ದನಿ ನನಗೂ ಕೇಳುವಷ್ಟು ಜೋರಾಗಿತ್ತು. ಬಸ್‌ಸ್ಟಾಪಿನಲ್ಲಿ ಬಸ್ಸು ಬರುತ್ತಿದೆಯೆಂದು ಅವಸರದಿಂದ ಹೆಜ್ಜೆ ಹಾಕಿದ್ದಾರೆ, ಕಾಲು ಜಾರಿದೆ, ಬಿದ್ದಿದ್ದಾರೆ. ನಾನು ಕೈಯಲ್ಲಿದ್ದ ಚಾಪೆ ಬಿಟ್ಟು ಹತ್ತಿರ ಹೋದೆ. ಗುಲ್ನೋರಾ ಹೆದರಲೂ ಇಲ್ಲ, ಅಯ್ಯೋ ಎನ್ನಲೂ ಇಲ್ಲ. ಯಾವ ಕಡೆಗೆ ಬಿದ್ದೆ ಎಂದು ಕೇಳಿದಳು. ಗದ್ದ ಎಲ್ಲಿತ್ತು ಎಂದು ಕೇಳಿದಳು. ಎದ್ದದ್ದು ಹೇಗೆ, ಮೊದಲು ಯಾವ ಮೊಣಕಾಲು ಎಂದು ಕೇಳಿದಳು. ಪ್ರತಿ ಉತ್ತರಕ್ಕೂ "ಹೂಂ, ಹೂಂ" ಎಂದು ತಲೆ ಆಡಿಸಿದಳು. ಆಚೆ ಕಡೆಯಿಂದ ಖಾಲಾ ಇನ್ನೂ ಏನೋ ಹೇಳುತ್ತಿದ್ದರು, ಹಿಂದೆ ಬಸ್ಸಿನ ಬಾಗಿಲ ಗಂಟೆ ಕೇಳಿಸುತ್ತಿತ್ತು.

ಫೋನಿಟ್ಟು ಗುಲ್ನೋರಾ ಬಾಗಿ ನನ್ನ ಕೈಯಿಂದ ಬಿದ್ದಿದ್ದ ಚಾಪೆಯ ತುದಿ ಹಿಡಿದು ಎಳೆದು ನೇರ ಮಾಡಿದಳು.

"ಏನಾತು?" ಎಂದು ಕೇಳಿದೆ.

"ಬಸ್ ಮಿಲ್ ಗಯಾ ಉಸ್ಕೋ," ಎಂದಳು. ಬಸ್ಸು ಸಿಕ್ಕಿತಂತೆ.